ಸೊನ್ನೆ ಬರೆಯುವ ಪಾಳಿ

ರಾತ್ರಿ ಎರಡೂ ಹತ್ತು. ನಿಲ್ದಾಣ ನೂರಾ ಹದಿನೇಳು.
ಹೆಸರಿಗೆ ನಿಲ್ದಾಣ; ಇಳಿಯುವವರಿಲ್ಲ, ಹತ್ತುವವರಿಲ್ಲ.
ನ್ಯೂಫೌಂಡ್‌ಲ್ಯಾಂಡಿನ ಕೊನೆಯ ದೀಪ ಮುಳುಗಿ ಎರಡು ದಿನ,
ನಕ್ಷೆಯಲ್ಲೊಂದು ಚುಕ್ಕಿ, ಚುಕ್ಕಿಯ ಕೆಳಗೆ
ನೂರೆಂಬತ್ತು ಮೀಟರು ಕತ್ತಲೆ.
ದಡದ ಕಚೇರಿಯ ಯಂತ್ರವೊಂದು
ಕವಡೆ ಎಸೆದಂತೆ ಎಸೆದ ಚುಕ್ಕಿ ಅದು.
ಮೀನಿದ್ದಲ್ಲಿಗೆ ಹೋಗುವುದು ಬೆಸ್ತರ ಬುದ್ಧಿ,
ಕವಡೆ ಬಿದ್ದಲ್ಲಿಗೆ ಹೋಗುವುದು ನಮ್ಮ ನೇಮ.

ಬಲೆ ತಳ ಮುಟ್ಟಿತೆಂದು ಮೇಲಿನಿಂದ ಕೂಗು.
ಹದಿನೈದೇ ನಿಮಿಷ, ಒಂದು ಲೋಟ ಚಹಾ ಆರುವಷ್ಟು.
ಆಮೇಲೆ ವಿಂಚು ನರಳುತ್ತದೆ,
ಉಕ್ಕಿನ ಹಗ್ಗ ನೀರು ಕೊಡವುತ್ತ ಸುತ್ತಿಕೊಳ್ಳುತ್ತದೆ.
ಚೀಲದ ಗಂಟನ್ನು ಬಿಚ್ಚುವವನು ಲಿಯಾಂಡರ್ ಪೆನ್ನಿ,
ಬರಿಗೈಯಲ್ಲಿ, ಒಂದೇ ಎಳೆತಕ್ಕೆ.
ಆ ಕೆಲಸ ಬೇರೆಯವರಿಗೆ ಬಿಟ್ಟದ್ದನ್ನು ನಾನು ಕಂಡಿಲ್ಲ.

ಕಡಲ ತಳ ಮೇಜಿನ ಮೇಲೆ ಸುರಿಯಿತು.
ಎರಡು ಕಣ್ಣನ್ನೂ ಒಂದೇ ಕೆನ್ನೆಗೆ ಸರಿಸಿಕೊಂಡ ನಂಗು,
ಬೆನ್ನೆಲ್ಲ ಮುಳ್ಳಾಗಿ ಹೊಟ್ಟೆಯಲ್ಲಿ ನಗುವ ತೊರಕೆ,
ಒಳಗಿನ ಗಾಳಿಯೇ ಉಬ್ಬಿ ಕಣ್ಣು ಹೊರಬಂದ ಕೆಂಪುಮೀನು,
ಸೀಗಡಿ, ಶಂಖದೊಳಗೆ ಬಾಡಿಗೆಗಿದ್ದ ಏಡಿ,
ಹಿಡಿದಲ್ಲೇ ತೋಳು ಬಿಟ್ಟು ಜಾರುವ ಹಾವುನಕ್ಷತ್ರ.
‘ತೋಳು ಎಣಿಸಬೇಡ, ನಡುವಿನ ಬಿಲ್ಲೆ ಎಣಿಸು’ ಎಂದೆ ಟೀಗನ್‌ಗೆ.
ಅವಳದು ಮೊದಲ ಪ್ರಯಾಣ;
ಬಕೆಟ್ಟು ತಬ್ಬಿ ಮಲಗಿದ್ದವಳು ಇವತ್ತಷ್ಟೇ ಎದ್ದಿದ್ದಾಳೆ.
ಲೋಳೆಯಂಥದ್ದೊಂದು ಸಿಕ್ಕಿತು. ಅದಕ್ಕೂ ಬುಟ್ಟಿ, ಅದಕ್ಕೂ ಚೀಟಿ:
ಗೊತ್ತಿಲ್ಲ. ಮೂರು. ನಲವತ್ತು ಗ್ರಾಂ.
ಎಡಗಾಲಿನ ಒಂದು ಬೂಟು. ಅದನ್ನೂ ತೂಗಿದೆವು.

‘ಕಾಡ್?’ ಎಂದಳು ಪಟ್ಟಿ ನೋಡಿ.
ಈ ದ್ವೀಪದಲ್ಲಿ ಅದಕ್ಕೆ ಬರೀ ‘ಮೀನು’ ಎನ್ನುತ್ತೇವೆ,
ಹೆಸರು ಬೇಕಾಗುವುದು ಉಳಿದವಕ್ಕೆ.
‘ಇಲ್ಲ’ ಎಂದೆ.
‘ಹಾಗಾದರೆ ಖಾಲಿ ಬಿಡಲಾ?’
‘ಬೇಡ, ಸೊನ್ನೆ ಬರಿ.
ಖಾಲಿ ಬಿಟ್ಟರೆ ನಾವು ನೋಡೇ ಇಲ್ಲ ಅಂತ.
ಸೊನ್ನೆ ಅಂದರೆ ನೋಡಿದೆವು, ಇರಲಿಲ್ಲ ಅಂತ.’
ಅವಳು ಬರೆದ ಸೊನ್ನೆ ಹಡಗಿನ ತೂಗಾಟಕ್ಕೆ
ಮೊಟ್ಟೆಯ ಹಾಗಾಯಿತು.

ಮೀನು ನಿಂತ ವರ್ಷ ಲಿಯಾಂಡರ್‌ಗೆ ಇಪ್ಪತ್ತಾರು.
ದೋಣಿ ಕಟ್ಟಿಹಾಕಿ ಬಂದವನಿಗೆ ಸರ್ಕಾರ ಕ್ಷೌರ ಕಲಿಸಿತು.
ಈಗಲೂ ಭಾನುವಾರ ನಮ್ಮೆಲ್ಲರ ತಲೆ ಅವನದೇ ಕತ್ತರಿಗೆ;
ಚೆನ್ನಾಗಿ ಕತ್ತರಿಸುತ್ತಾನೆ, ಮಾತಾಡುವುದಿಲ್ಲ.
ಪ್ರತಿ ಬಲೆಗೂ ಒಂದೇ ಪ್ರಶ್ನೆ, ಬೇರೆಲ್ಲೋ ನೋಡುತ್ತ:
‘ಎಷ್ಟು?’
ಪಕ್ಕದ ಮನೆಯ ಕಾಯಿಲೆಯವರನ್ನು ವಿಚಾರಿಸಿದಂತೆ.

ಮೇಜು ತೊಳೆಯುವಾಗ ಅವನೇ ಬಂದ, ಅಂಗೈ ಮುಂದೆ ಮಾಡಿ.
ಬಲೆಯ ರೆಕ್ಕೆಯಲ್ಲಿ ಸಿಕ್ಕಿಕೊಂಡಿತ್ತಂತೆ,
ಗದ್ದಕ್ಕೊಂದೇ ಮೀಸೆಯ ಮರಿ.
ಟೀಗನ್ ಆಗಲೇ ರಬ್ಬರು ಹುಡುಕುತ್ತಿದ್ದಳು.
ನಾನು ಕಿವಿರು ಎತ್ತಿ ನೋಡಿದೆ. ಬಿಳಚಿಕೊಂಡಿತ್ತು.
ಕಣ್ಣಿಗೆ ಹಾಲಿನ ಪೊರೆ.
ಇದು ಇಲ್ಲಿಯದಲ್ಲ, ನಿನ್ನೆ ಸಂಜೆಯದು.

ಯಾರೂ ಏನೂ ಅನ್ನಲಿಲ್ಲ. ಮೆದುಗೊಳವೆ ಮಾತ್ರ
ತನ್ನ ಪಾಡಿಗೆ ನೀರು ಕಾರುತ್ತಿತ್ತು.

ಹಾಳೆ ಹಿಂದಕ್ಕೆ ತಿರುವಿದೆ. ನೂರಾ ಹದಿನಾರು.
ಅಲ್ಲೊಂದು ಸೊನ್ನೆ, ನನ್ನದೇ ಕೈಯದು.
ಅಳಿಸುವ ಹಾಗಿಲ್ಲ; ಒಂದೇ ಗೆರೆ ಎಳೆಯಬೇಕು,
ತಪ್ಪು ಅಡಿಯಲ್ಲಿ ಕಾಣುತ್ತಿರಬೇಕು.
ಪಕ್ಕದಲ್ಲಿ ಬರೆದೆ: ಒಂದು. ಹತ್ತೊಂಬತ್ತು ಸೆಂಟಿಮೀಟರು.
ತಲೆ ಸೀಳಿ ಕಿವಿಗಲ್ಲು ತೆಗೆದೆ, ಅಕ್ಕಿಕಾಳಿನಷ್ಟು,
ದೀಪಕ್ಕೆ ಹಿಡಿದರೆ ಒಂದು ಚಳಿಗಾಲದ ಉಂಗುರ,
ಇನ್ನೊಂದರ ಅನುಮಾನ.

‘ಎಷ್ಟು?’ ಎಂದ ಲಿಯಾಂಡರ್, ಗೊತ್ತಿದ್ದೂ.
‘ಇಲ್ಲಿ ಸೊನ್ನೆ. ನಿನ್ನೆ ಒಂದು.’
‘ನಿನ್ನೆ ಒಂದು’ ಎಂದು ತಾನೂ ಹೇಳಿಕೊಂಡ.
ಕೈ ಒರೆಸಿಕೊಂಡು ಬಲೆಯ ಹತ್ತಿರ ಹೋಗಿ
ಒಂದೊಂದೇ ಕಣ್ಣು ಬಿಡಿಸಿ ನೋಡುತ್ತ ನಿಂತ,
ಮುಂದಿನ ಚುಕ್ಕಿ ಬರುವವರೆಗೂ.