ಎರಡನೇ ಕೋಟು

ವಿಮ್ಸ್ ಆಸ್ಪತ್ರೆ ಎದುರಿನ ಅಂಗಡಿಯಲ್ಲಿ
ಸೆಕೆಂಡ್ ಹ್ಯಾಂಡಿಗೆ ತಂದ ತೂತಿನ ಕುರ್ಚಿ.
ಒಂದೇ ವರ್ಷಕ್ಕೆ ತುಕ್ಕು ಎದ್ದು
ಕೂತೆದ್ದರೆ ಮಾವನ ಪಂಚೆಗೆ ಕೆಂಪು ಉಂಗುರ.
ಅದಿರಿನ ಧೂಳು ಒಗೆದು ಒಗೆದು ಸಾಕಾದ ಈ ಊರಲ್ಲಿ
ಇದೂ ಒಂದು ಕೆಂಪು.

"ನಾ ಅದರ ಮ್ಯಾಲೆ ಕೂಡಂಗಿಲ್ಲ" ಅಂದರು ಮಾವ,
ಪೇಂಟರ್ ಎರ್ರೆಪ್ಪ.
ಹೊಸಪೇಟೆ ರಸ್ತೆಗೆ ಇಳಿದ ಲಾರಿಗಳಿಗೆ
ಹಣೆಗೆ ಹುಲಿ, ಬೆನ್ನಿಗೆ ನವಿಲು,
ಬಾಗಿಲಿಗೆ ಮಾಲೀಕನ ಮಗಳ ಹೆಸರು ಬರೆದ ಕೈ.
ಈಗ ಮೊಣಕಾಲು ಎರಡೂ ಹೋಗಿ
ಮಂಚದ ಮೇಲೆ ಕೂತು
ಗೋಡೆಯ ಸುಣ್ಣದಲ್ಲಿ ತಪ್ಪು ಹುಡುಕುತ್ತಾರೆ.

ಭಾನುವಾರ. ಜೀನ್ಸ್ ಹೊಲಿಯುವ ಕಾರ್ಖಾನೆಗೆ ರಜೆ.
ಉಗುರ ಸಂದಿಯ ನೀಲಿ ಹೋಗುವ ಮೊದಲೇ
ಕುರ್ಚಿಯನ್ನು ಅಂಗಳಕ್ಕೆ ಎಳೆದೆ.
ಫಿನಾಯಿಲ್ ಹಾಕಿ ಮೂರು ಸಲ ತೊಳೆದೆ.
ಎದುರುಮನೆ ಹಂಪಮ್ಮ ಕಾಂಪೌಂಡಿನ ಮೇಲಿಂದ,
"ಏನವ್ವಾ, ಸಿಂಹಾಸನಕ್ಕ ಬಣ್ಣೇನು?"
ಕಿಟಕಿಯೊಳಗೆ ಮಾವ ಕೆಮ್ಮಿದರು.

ಆಮೇಲೆ ಕೆಮ್ಮು ಮಾತಾಯಿತು.
"ಉಪ್ಪುಕಾಗದ ಉದ್ದಕ ಎಳಿ, ದುಂಡಗ ತಿರುಗಸಬ್ಯಾಡ."
"ತುಕ್ಕಿನ ಮ್ಯಾಲೆ ಬಣ್ಣ ಅಂದ್ರ
ಹುಣ್ಣಿನ ಮ್ಯಾಲೆ ಪೌಡರ್ ಹಾಕಿದಂಗ."
"ಬ್ರಷ್ ಮುಳುಗಸಬ್ಯಾಡ, ಮುಟ್ಟಿಸು."
"ಪ್ರೈಮರ್ ಒಣಗೇತೋ ಇಲ್ಲೋ
ಬೆರಳಿಟ್ಟು ನೋಡಬ್ಯಾಡ, ಮೂಗಿಟ್ಟು ನೋಡು."
ಹನ್ನೊಂದು ವರ್ಷದ ಸಂಸಾರದಲ್ಲಿ
ನನ್ನ ಜೊತೆ ಆಡಿದ ಮಾತೆಲ್ಲ ಕೂಡಿಸಿದರೂ
ಆ ಮಧ್ಯಾಹ್ನದಷ್ಟು ಆಗಲಿಕ್ಕಿಲ್ಲ.

ಅಟ್ಟದ ಮೇಲೆ ಅವರ ಹಳೆಯ ಡಬ್ಬಿಗಳು.
ಹಳದಿ ಒಣಗಿ ರೊಟ್ಟಿಯಾಗಿತ್ತು.
ಕೆಂಪು ಬೇಡವೇ ಬೇಡ.
ಉಳಿದದ್ದು ಗಿಣಿಹಸಿರು, ಅರ್ಧ ಲೀಟರ್,
ಗಣಿ ಬಂದಾದ ವರ್ಷದ್ದು.
ಕೆನೆ ತೆಗೆದು ಟರ್ಪೆಂಟೈನ್ ಬೆರೆಸಿದರೆ
ಅಡಿಯಲ್ಲಿ ಇನ್ನೂ ಜೀವ ಇತ್ತು.

ಮೊದಲ ಕೋಟಿಗೆ ಒಂದು ರಾತ್ರಿ ಬಿಡಬೇಕು.
ಎರಡನೆಯದಕ್ಕೆ ಇನ್ನೊಂದು.
ಈ ಲೆಕ್ಕ ಅವರಿಗೆ ಗೊತ್ತಿತ್ತು. ನನಗೂ.
ಇಬ್ಬರೂ ಬಾಯಿ ಬಿಡಲಿಲ್ಲ.
ಗಂಡನಿಗೆ ತೋರಣಗಲ್ಲಿನಲ್ಲಿ ರಾತ್ರಿ ಪಾಳಿ.

ಮೂರು ಗಂಟೆಗೆ ಕೋಲು ನೆಲಕ್ಕೆ ಬಡಿಯಿತು.

ಮಾವನ ಎದುರು ಎಂದೂ ಕೂತವಳಲ್ಲ ನಾನು.
ಹಿತ್ತಲ ಕಕ್ಕಸಿನಲ್ಲಿ
ಎರಡೂ ಕಂಕುಳಿಗೆ ಕೈ ಕೊಟ್ಟು
ನೆಲದ ಬೇಸಿನ್ನಿನ ಮೇಲೆ ಇಳಿಸಿ, ಹಿಡಿದು ನಿಂತೆ.
ಅವರು ಗೋಡೆ ನೋಡಿದರು. ನಾನು ಬಲ್ಬು.
ಹಲ್ಲಿಯೊಂದು ನಮ್ಮಿಬ್ಬರನ್ನೂ ನೋಡಿತು.
ಇಷ್ಟು ಹಗುರ ಅಂತ ನನಗೆ ಯಾರೂ ಹೇಳಿರಲಿಲ್ಲ,
ಕಾರ್ಖಾನೆಯ ಒಂದು ಬಂಡಲ್ ಪ್ಯಾಂಟು
ಇದಕ್ಕಿಂತ ಭಾರ.
ನೀರು ಹಾಕುವಾಗ ಅವರಂದರು, ಗೋಡೆಗೆ,
"ಮೊದಲ ಕೋಟು ಯಾವಾಗ್ಲೂ ತೆಳ್ಳಗ ಇರಬೇಕು."

ಎರಡನೇ ರಾತ್ರಿ
ಕೋಲು ಬಡಿಯುವ ಮೊದಲೇ ಎದ್ದಿದ್ದೆ.

ಮಂಗಳವಾರ ಸಂಜೆ ಕೆಲಸದಿಂದ ಬಂದರೆ
ಕುರ್ಚಿ ಮಂಚದ ಪಕ್ಕದಲ್ಲಿ. ಹೇಗೆ ಎಳೆದುಕೊಂಡರೋ.
ಬೆನ್ನುಪಟ್ಟಿಯ ಮೇಲೆ ಬಿಳಿ ಅಕ್ಷರ,
ದಪ್ಪಗೆ, ಬಲಕ್ಕೆ ಕಪ್ಪು ನೆರಳು ಕೊಟ್ಟು,
ಕೊನೆಗೆ ಕೈ ನಡುಗಿದಲ್ಲಿ ಮಾತ್ರ ಸ್ವಲ್ಪ ಜಾರಿ:
ಅಂತರ ಕಾಪಾಡಿ.

ನಕ್ಕೆ. ನಗು ಮುಗಿಯುವ ಮೊದಲೇ
ಕೈಹಿಡಿಯ ಮೇಲೆ ಇನ್ನೊಂದು ಕಂಡಿತು.
ಸುಂಕಲಮ್ಮ.
ಜಾಗ ಸಾಲದೆ 'ಮ್ಮ' ಒಂದೇ ಕೆಳಕ್ಕೆ ಇಳಿದಿತ್ತು.

ಕಕ್ಕಸಿನ ಕುರ್ಚಿ ಮೇಲೆ ಹೆಸರು ಬರೆಸಿಕೊಂಡವಳು
ಬಳ್ಳಾರಿಯಲ್ಲಿ ನಾನೊಬ್ಬಳೇ ಇರಬೇಕು.
ಬೈಯಬೇಕೋ ಏನೋ ತಿಳಿಯದೆ
ಒಲೆ ಹಚ್ಚಿ ಚಹಾಕ್ಕೆ ಇಟ್ಟೆ.
ಮಾವ ಆ ಕಡೆ ತಿರುಗಿ
ಮಲಗಿದ ಹಾಗೆ ಮಾಡುತ್ತಿದ್ದರು.

ಬುಧವಾರ ಒಗೆಯಲು ತೆಗೆದ ಪಂಚೆಯಲ್ಲಿ
ಹಸಿರು ಉಂಗುರ.
ಮೂಗಿಟ್ಟು ನೋಡು ಅಂದವರು
ನೋಡಿರಲಿಲ್ಲ.