ನೀರಗೆರೆಯ ಕೆಳಗೆ

ತ್ರೀ, ಟೂ, ತ್ರೀ. ಫೋರ್, ಫೈವ್, ಸೆವೆನ್.
ನಾನು ಹೇಳುತ್ತೇನೆ, ಮಾರಿವಿಕ್ ಬರೆದುಕೊಳ್ಳುತ್ತಾಳೆ.
ಕಡ್ಡಿಯ ತುದಿಯಲ್ಲಿ ಕಪ್ಪು ಗೆರೆಗಳು, ಮಿಲಿಮೀಟರ್ ಲೆಕ್ಕದಲ್ಲಿ.
ವಸಡಿನ ಅಂಚಿಗೆ ಇಳಿಸಿ, ತಡೆ ಸಿಕ್ಕಲ್ಲಿ ನಿಂತು, ಓದುವುದು.
ನನ್ನ ವಿದ್ಯೆಯ ಅರ್ಧ ಇಷ್ಟೇ.

ಮುಹರ್ರಕ್‌ನ ಓಣಿಯಲ್ಲಿ ಹಲ್ವಾ ಅಂಗಡಿಯ ಮೇಲಿನ ಮಹಡಿ ನಮ್ಮದು.
ಕೆಳಗೆ ಸಕ್ಕರೆ, ಕೇಸರಿ ಕುದಿಯುತ್ತದೆ.
ಯಾರು ಯಾರಿಗೆ ಗಿರಾಕಿ ಕಳಿಸುತ್ತಾರೋ
ದೇವರಿಗೇ ಗೊತ್ತು.

ಫೈಲಿನಲ್ಲಿ ಹೆಸರು ಮೂರು ತುಂಡಾಗಿತ್ತು: ಯಮ, ನೂರ್, ಅಪ್ಪ.
"ಮಿಸ್ಟರ್ ನೂರ್" ಎಂದು ಕರೆದಳು ಮಾರಿವಿಕ್.
ಎದ್ದು ಬಂದದ್ದು ಕುಷ್ಟಗಿ ಕಡೆಯ ಯಮನೂರಪ್ಪ,
ಹಿದ್ದ್‌ನ ಒಣಕಟ್ಟೆಯಲ್ಲಿ ಎಂಟು ವರ್ಷದಿಂದ ಹಡಗು ಕೆರೆಯುವವನು.

"ನೋವೇನಿಲ್ರೀ. ಹಲ್ಲು ಉದ್ದ ಆಗಾಕ್ಹತ್ಯಾವು, ಅಷ್ಟ.
ತಿಕ್ಕಿದ್ರ ರಕ್ತ ಬರ್ತೈತಿ,
ಅದಕ್ಕ ಆ ಕಡೆ ಬ್ರಷ್ ಹಚ್ಚೂದು ಬಿಟ್ಟೀನ್ರೀ."

ಎಲ್ಲರೂ ಹೀಗೆಯೇ.
ರಕ್ತ ಕಂಡ ಕೋಣೆಯ ಬಾಗಿಲು ಮೊದಲು ಮುಚ್ಚುತ್ತೇವೆ,
ಮುಚ್ಚಿದ್ದಕ್ಕೇ ಇನ್ನಷ್ಟು ರಕ್ತ.
ನಿನ್ನೆಯ ಟ್ಯಾಕ್ಸಿಯವನದು ಇದಕ್ಕಿಂತ ಕೆಟ್ಟದ್ದು: ಒಂದು ಹನಿಯೂ ಇಲ್ಲ.
ಸಿಗರೇಟು ರಕ್ತದ ಬಾಯನ್ನೂ ಮುಚ್ಚಿಸಿತ್ತು,
ಒಳಗೆ ಮೂಳೆ ಸದ್ದಿಲ್ಲದೆ
ಮನೆ ಖಾಲಿ ಮಾಡುತ್ತಿತ್ತು.

ಹಲ್ಲು ಬೆಳೆದಿಲ್ಲ ಯಮನೂರಪ್ಪ. ನೆಲ ಇಳಿದಿದೆ.

ಬಾಯಲ್ಲಿ ಹತ್ತಿ, ಕನ್ನಡಿ, ಹೀರುವ ಕೊಳವೆ;
ಕನ್ನಡ ಕೇಳಿ ಉತ್ತರಿಸಿದ್ದು ಕಣ್ಣು ಮಾತ್ರ.
ಸೆವೆನ್ ಎಂದಾಗ ಕೈಯೆತ್ತಿದ. ಕೊಳವೆ ತೆಗೆದೆ.
"ಎಲ್ಲಾದಕ್ಕಿಂತ ಜಾಸ್ತಿ ಮಾರ್ಕ್ಸ್ ಏನ್ರೀ ಅದು?"

ವಸಡಿಗೂ ಕಿಸೆ ಇರುತ್ತದೆ, ಎಂದೆ.
ಎರಡೋ ಮೂರೋ ಆದರೆ ಸರಿ,
ಏಳೆಂದರೆ ಬ್ರಷ್ಷಿಗೆ ಎಟುಕದ ಆಳ.
"ಹಂಗಾರ ನಂದು ತುಂಬಿದ ಕಿಸೆ ಇದೊಂದ ನೋಡ್ರಿ."

ಡಾಕ್ಟರು ಬಂದು ಅರಿವಳಿಕೆ ಚುಚ್ಚಿ ಹೋದರು.
ಆಮೇಲೆ ನಾನು ವಿವರಿಸುವುದೇನೂ ಉಳಿಯಲಿಲ್ಲ.
ತಿಂಗಳುಗಟ್ಟಲೆ ಉಪ್ಪುನೀರಲ್ಲಿ ನಿಂತ ಹಡಗಿನ ಹೊಟ್ಟೆ ಅವನಿಗೆ ಗೊತ್ತು.
ಮೇಲೆ ಬಣ್ಣ ಹೊಳೆಯುತ್ತಲೇ ಇರುತ್ತದೆ;
ಕಟ್ಟೆಯ ನೀರು ಬಸಿದ ಮೇಲೆ
ಚಿಪ್ಪು, ಲೋಳೆ, ಕಲ್ಲಾದ ಹಸಿರು.
ಕೆರೆತದ ಸದ್ದು ಬುರುಡೆಯೊಳಗೆ ಓಡಾಡುವಾಗ
ತೊಡೆಯ ಮೇಲೆ ಅವನ ಬೆರಳುಗಳು
ನನ್ನ ಕೊಕ್ಕೆಯ ಓರೆಯನ್ನು ತಿದ್ದುತ್ತಿದ್ದವು.

ಬಾಯಿ ಮುಕ್ಕಳಿಸಿ, ನಾಲಿಗೆ ಆಡಿಸಿ ಗಾಬರಿಯಾದ:
"ಸಂದಿ ಬಿತ್ತಲ್ರೀ!"
ಸಂದಿ ಇತ್ತು. ಕಲ್ಲು ತುಂಬಿತ್ತು.
ಹೋದ ಮೂಳೆ ತಾನಾಗಿ ಬರುವುದಿಲ್ಲ, ಇದ್ದದ್ದನ್ನು ಹಿಡಿದಿಡಬಹುದು.
ಇದನ್ನು ಹೇಳುವಾಗ
ನಾನು ಕೈಗವಸು ಬಿಚ್ಚಿರುತ್ತೇನೆ.

ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ, ಎಂದೆ.
"ಕ್ಯಾಂಪಿನ್ಯಾಗ ನಳ ನಾಕು, ಮಂದಿ ಅರವತ್ತು,
ನಸುಕಿನ್ಯಾಗ ನಾಕೂವರಿಗೆ ಬಸ್ಸು.
ಎರಡು ನಿಮಿಷ ನಿಂತ್ರ ಹಿಂದಿನಾಂವ ಒದಿತಾನ್ರೀ."
ನಾನು ಓದಿದ ಪುಸ್ತಕದಲ್ಲಿ
ಆ ಸಾಲು ಇರಲಿಲ್ಲ.

ನಳ ಬೇಡ. ನೀರೂ ಬೇಡ.
ರಾತ್ರಿ ಮಂಚದ ಮೇಲೆ ಕೂತು, ದೀಪ ಆರಿದ ಮೇಲಾದರೂ ಸರಿ,
ಒಣ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿಯಿರಿ.
ರಕ್ತ ಬಂದ ಜಾಗವನ್ನೇ, ಮೆತ್ತಗೆ, ಬಿಡದೆ.

ಎಂಟು ವಾರದ ಮೇಲೆ ಬನ್ನಿ ಎಂದವರಲ್ಲಿ
ಅರ್ಧ ಜನ ಬರುವುದಿಲ್ಲ. ನೋವಿಲ್ಲವಲ್ಲ.
ಅವನು ಬಂದ, ಶುಕ್ರವಾರ, ಇಸ್ತ್ರಿಯ ಅಂಗಿ.
ತ್ರೀ, ಟೂ, ಟೂ. ತ್ರೀ, ತ್ರೀ, ಫೋರ್.
ಪ್ರತಿ ಅಂಕಿಗೂ ಅವನ ಬಲಗೈ ಬೆರಳು ಮಡಿಸುತ್ತಿತ್ತು.
ಹಿಂದಿನ ದವಡೆಹಲ್ಲಿನ ಒಳಬದಿಯಲ್ಲಿ ತಡೆದೆ.
ಇನ್ನೊಮ್ಮೆ ಇಳಿಸಿ ನೋಡಿದೆ.

ಸೆವೆನ್.

ಬಲಗೈಯ ಐದೂ ಮಡಿಸಿ ಮುಗಿದು
ಎಡಗೈಯ ಎರಡು ಬೆರಳು ಎದ್ದವು.
ಕೆಳಗೆ ಹಲ್ವಾದವನು ತಾಮ್ರದ ಬಾಣಲೆ ಕೆರೆಯುತ್ತಿದ್ದ.