ಮಾಕಳಿ

ಮೂಡ್ಲಗಿರಿಯಪ್ಪನ ಮೂಗು ಸತ್ತು ಎರಡು ವರ್ಷ.
ಆ ಜ್ವರ ಹೋಗುವಾಗ ಹೊತ್ತೊಯ್ದದ್ದು ಇಷ್ಟೇ:
ಅವರೆಕಾಯಿಯ ಸೊಗಡು, ಬೀಡಿಯ ಘಾಟು,
ಮತ್ತೆ, ಮಣ್ಣೊಳಗಿನ ಮಾಕಳಿ.

ಈಗ ನಾನೇ ಅವನ ಮೂಗು.
ಸಿದ್ಧರಬೆಟ್ಟದ ಹಿಂಬದಿಯ ಬಂಡೆಸಾಲಿನಲ್ಲಿ
ಹಾರೆ ಅವನದು, ಚೀಲ ಅವನದು,
ಉಸಿರೆಳೆಯುವ ಕೆಲಸ ನನ್ನದು.
ಕೊರಟಗೆರೆಯ ಉಪ್ಪಿನಕಾಯಿಯವರು
ಕೇಳಿದಷ್ಟು ಕೊಡುತ್ತಾರಂತೆ,
ತಂದುಕೊಡುವವರೇ ಇಲ್ಲ.

"ಒಂದ್ ಕಾಲ್ದಾಗೆ ಬಂಡೆಗೊಂದು ಬಳ್ಳಿ ಕಣ್ಲಾ.
ಅರ್ಧ ಬೇರು ಕೀಳ್ತಿದ್ವಿ, ಅರ್ಧ ಮುಚ್ಚಿ ಬರ್ತಿದ್ವಿ.
ಆಮೇಲ್ ಲಾರಿ ಬಂತು.
ಅರ್ಧ ಅನ್ನೋದೇ ಮರ್ತೋಯ್ತು."

ಬಿರುಕಿನಿಂದೆದ್ದು ಕಾರೆಮುಳ್ಳಿಗೆ ಸುತ್ತಿತ್ತು:
ಬೆರಳಿಗಿಂತ ಸಣ್ಣ ಕಾಂಡ,
ಎಳೆಗರುವಿನ ಕೊಂಬಿನಂತೆ ಜೋಡಿ ಕಾಯಿ,
ಇನ್ನೂ ಹಸಿರು. ಒಡೆದಿಲ್ಲ, ಒಳಗಿನ ರೇಷ್ಮೆ ಹಾರಿಲ್ಲ.
ಎಲೆ ಚಿವುಟಿದೆ. ಹಾಲು.
ಬುಡದ ಬೇರು ಉಗುರಲ್ಲಿ ಕೆರೆದೆ.
ಕೆಲವರು ತಿಗಣೆ ಎಂದು ಮುಖ ಕಿವುಚುವ,
ನನಗೆ ಅಜ್ಜಿಯ ಜಾಡಿಯ ಹುಳಿಮಜ್ಜಿಗೆ ಅನ್ನಿಸುವ
ಅದೇ ವಾಸನೆ
ನೆತ್ತಿಯವರೆಗೆ ತಣ್ಣಗೆ ಏರಿತು.

"ಏನಾರ ಐತಾ?"

"ಏನಿಲ್ಲ. ಕಾಡುಮಲ್ಲಿಗೆ."

ಅವನು ನನ್ನ ಮುಖ ನೋಡಲಿಲ್ಲ, ಕೈ ನೋಡಿದ.
ಉಗುರ ಸಂದಿಯಲ್ಲಿ ಹಾಲು ಒಣಗಿ ಬೆಳ್ಳಗಿತ್ತು.
ಹಾರೆಗೆ ಗೋಣಿ ಸುತ್ತಿದ.
ರುಚಿಯಿಲ್ಲದ ಬೀಡಿಯೊಂದನ್ನು ಹಚ್ಚಿ,
ಬಹಳ ಹೊತ್ತು ಸೇದಿ,

"ಕಾಡುಮಲ್ಲಿಗೆ," ಅಂದ.
"ಸಂಕ್ರಾಂತಿ ಕಳೀಲಿ,
ತಾನೇ ಒಡೀತದೆ. ಬೀಜ ಹಾರ್ಲಿ."

ಇಳಿಯುವಾಗ ಅವನೇ ಮುಂದೆ.
ಖಾಲಿ ಚೀಲ ಗಾಳಿಗೆ ಉಬ್ಬುತ್ತಿತ್ತು.
ನಾನು ದಾರಿಯುದ್ದಕ್ಕೂ
ಕೈ ಮೂಸುತ್ತ ನಡೆದೆ.